ದೀಪ ಹಿಡಿದವಳು ರವಿವರ್ಮನವಳಲ್ಲ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಮಹಿಳೆಯ ಚಿತ್ರ ರವಿವರ್ಮನದೆಂದು ಅರಮನೆಗಳ ಕುರಿತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಲ್ಲ. ಅದು ಎಸ್‌.ಎಲ್‌. ಹಲ್ದಣಕರ್ ಬಿಡಿಸಿದ ಜಲವರ್ಣ ಚಿತ್ರ. ದೀಪ ಹಿಡಿದು ನಿಂತವಳು ಅವರ ಮಗಳು. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಅದರದೊಂದು ಅಗ್ಗದ ಪ್ರತಿ ತೂಗುತ್ತಿತ್ತು. ನಮ್ಮ ಅಜ್ಜನೂ ಬಂದವರಿಗೆಲ್ಲ ರವಿವರ್ಮನ ಹೆಸರನ್ನೇ ಹೇಳುತ್ತಿದ್ದರು, ಆದ್ದರಿಂದ ನಿಮ್ಮ ಮೇಲೆ ಸಿಟ್ಟಿಲ್ಲ! ಮೂಲ ಚಿತ್ರದಲ್ಲಿ ಬೆರಳ ಸಂದಿಯಿಂದ ಇಣುಕುವ ಆ ಕೆಂಬೆಳಕು ನಮ್ಮ ಪ್ರತಿಯಲ್ಲಿ ಬರೀ ಕಂದು ಕಲೆಯಾಗಿತ್ತು.

1861ರ ಆ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು, ಉಳಿಯಿತು. ನಮಗೆ ಹತ್ತಿರದ ಕಿತ್ತೂರಿನದು ಬೇರೆ ಕತೆ: ಚೆನ್ನಮ್ಮನ ಅರಮನೆ ಪಾಳುಗೋಡೆಗಳಾಗಿ ನಿಂತಿದೆ, ವಸ್ತುಸಂಗ್ರಹಾಲಯ ಕೋಟೆಯೊಳಗೇ ಬೇರೆ ಕಟ್ಟಡದಲ್ಲಿದೆ. ಅದಕ್ಕೂ ಎರಡು ಸಾಲು ಕೊಡಬಹುದಿತ್ತು.