ಬೆಕ್ಕಿಗೆ ವಿಮೆ ಮಾಡಿಸುವವರು ಮೊದಲು ಎರಡನೇ ವರ್ಷದ ಲೆಕ್ಕ ನೋಡಿ

ಬೆಕ್ಕಿಗೆ ವಿಮೆ ಮಾಡಿಸಲು ಹೊರಟವರು ಪ್ರೀಮಿಯಂ ಎಷ್ಟು, ಒಟ್ಟು ಕವರ್ ಎಷ್ಟು ಅಂತ ಎರಡೇ ಅಂಕಿ ನೋಡಿ ಪಾಲಿಸಿ ಆರಿಸಿಬಿಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ವರ್ಷ ಶುರುವಾದ ಕಾಯಿಲೆಗೆ ಮುಂದಿನ ವರ್ಷವೂ ದುಡ್ಡು ಕೊಡುತ್ತೀರಾ? ಇದಕ್ಕೆ ನೇರವಾಗಿ ಹೌದು ಅನ್ನದ ಪಾಲಿಸಿ ಎಷ್ಟೇ ಅಗ್ಗವಿದ್ದರೂ ಬೆಕ್ಕಿಗೆ ಒಗ್ಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ಬೆಕ್ಕಿನ ದೊಡ್ಡ ಖರ್ಚೆಲ್ಲ ತಡವಾಗಿ ಬರುತ್ತದೆ, ಬಂದ ಮೇಲೆ ಹೋಗುವುದಿಲ್ಲ. ವಯಸ್ಸಾದ ಬೆಕ್ಕುಗಳನ್ನು ಹೆಚ್ಚಾಗಿ ಕಾಡುವುದು ಕಿಡ್ನಿ, ಥೈರಾಯ್ಡ್, ಸಕ್ಕರೆ ಕಾಯಿಲೆ. ಕಿಡ್ನಿಯದ್ದಂತೂ ಸದ್ದಿಲ್ಲದೆ ಬೆಳೆಯುವ ಕಾಯಿಲೆ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) ಮಿತಿ ದಾಟುವ ಹೊತ್ತಿಗೆ ಕಿಡ್ನಿಯ ಸಾಮರ್ಥ್ಯದಲ್ಲಿ ಸುಮಾರು ಮುಕ್ಕಾಲು ಭಾಗ ಹೋಗಿರುತ್ತದೆ. ಅಲ್ಲಿಂದ ಮುಂದೆ ಕೆಲವು ತಿಂಗಳಿಗೊಮ್ಮೆ ರಕ್ತ, ಮೂತ್ರ, ಬಿಪಿ ಪರೀಕ್ಷೆ, ಔಷಧಿ, ಚರ್ಮದಡಿಗೆ ಕೊಡುವ ಡ್ರಿಪ್, ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಥೈರಾಯ್ಡ್ ಹೆಚ್ಚಾಗುವುದು ಸಾಮಾನ್ಯವಾಗಿ 10 ವರ್ಷ ದಾಟಿದ ಬೆಕ್ಕುಗಳಲ್ಲಿ. ಅದಕ್ಕೆ ಬದುಕಿರುವವರೆಗೂ ದಿನಾ ಮೆಥಿಮಜೋಲ್ ಅನ್ನುವ ಔಷಧಿ ಕೊಡಬೇಕು, ಇಲ್ಲವೇ ರೇಡಿಯೋ ಅಯೋಡಿನ್ ಚಿಕಿತ್ಸೆಯ ಒಂದು ದೊಡ್ಡ ಬಿಲ್ ಕಟ್ಟಬೇಕು. ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ ಇನ್ಸುಲಿನ್.

ಈಗ ಪಾಲಿಸಿಗಳ ಕಡೆ ನೋಡಿ. ಹೆಸರು ಏನೇ ಇರಲಿ, ಒಳಗಿನ ಬಗೆ ನಾಲ್ಕೇ. ಒಂದು, ಅಪಘಾತಕ್ಕೆ ಮಾತ್ರ. ಕಿಡ್ನಿಗೆ ಬಿಡಿಗಾಸೂ ಬರುವುದಿಲ್ಲ. ಎರಡು, ಕಾಯಿಲೆ ಕಾಣಿಸಿದ ದಿನದಿಂದ 12 ತಿಂಗಳು ಕೊಟ್ಟು ಕೈಬಿಡುವುದು. ಮೂರು, ಒಂದೊಂದು ಕಾಯಿಲೆಗೂ ಒಂದು ಮೊತ್ತ ಗೊತ್ತುಮಾಡಿ, ಅದು ಖಾಲಿಯಾದ ಮೇಲೆ ಆ ಕಾಯಿಲೆಯ ಬಾಗಿಲು ಮುಚ್ಚುವುದು. ನಾಲ್ಕು, ಪ್ರತಿ ವರ್ಷ ರಿನ್ಯೂ ಮಾಡಿದಾಗ ಕವರ್ ಮತ್ತೆ ಪೂರ್ತಿ ತುಂಬಿ, ಹಳೆಯ ಕಾಯಿಲೆಗೂ ಕೊಡುತ್ತಾ ಹೋಗುವುದು. ಎರಡನೆಯದು ಮತ್ತು ನಾಲ್ಕನೆಯದು ಮೊದಲ ವರ್ಷದಲ್ಲಿ ಒಂದೇ ಥರ ಕಾಣುತ್ತವೆ. ಬೆಕ್ಕಿಗೆ 11ನೇ ವಯಸ್ಸಿನಲ್ಲಿ ಕಿಡ್ನಿ ತೊಂದರೆ ಗೊತ್ತಾಗಿ ಅದು 15ರವರೆಗೆ ಬದುಕಿತು ಅನ್ನಿ: ಎರಡನೇ ಬಗೆಯದು ಒಂದು ವರ್ಷದ ಖರ್ಚು ಕೊಟ್ಟು ಉಳಿದ ಮೂರು ವರ್ಷ ನಿಮ್ಮ ಜೇಬಿಗೇ ಬಿಡುತ್ತದೆ. ಪ್ರೀಮಿಯಂ ಮಾತ್ರ ನೀವು ಕಟ್ಟುತ್ತಲೇ ಇರುತ್ತೀರಿ.

ನಾಲ್ಕನೇ ಬಗೆಯನ್ನೇ ಆರಿಸಿದರೂ ರಿನ್ಯೂವಲ್ ಷರತ್ತು ಓದಿ. ವಯಸ್ಸಿನ ಜೊತೆ ಪ್ರೀಮಿಯಂ ಏರುವುದು ಬಹುತೇಕ ಕಡೆ ಇದ್ದದ್ದೇ. ಕ್ಲೇಮ್ ಮಾಡಿದ್ದಕ್ಕೂ ಏರಿಸುತ್ತಾರಾ? ಇಂತಿಷ್ಟು ವಯಸ್ಸು ದಾಟಿದ ಮೇಲೆ ಪ್ರತಿ ಬಿಲ್ಲಿನಲ್ಲೂ ನಮ್ಮ ಪಾಲು ಹೆಚ್ಚುತ್ತದಾ? ಹೊಸದಾಗಿ ಸೇರಿಸಿಕೊಳ್ಳಲು ವಯಸ್ಸಿನ ಮಿತಿ ಏನು? ಈ ಮೂರಕ್ಕೂ ಉತ್ತರ ಬರವಣಿಗೆಯಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಕ್ಲೇಮ್ ದಿನ ನಿಲ್ಲುವುದಿಲ್ಲ.

ಇನ್ನು ಹೆಚ್ಚು ಜನ ಎಡವುವ ಜಾಗ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ದುಡ್ಡಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಕಾಯಿಲೆ ಪತ್ತೆಯಾಗಿರಲೇಬೇಕು ಅಂತೇನಿಲ್ಲ, ಲಕ್ಷಣ ಕಂಡಿದ್ದರೂ ಸಾಕು ಅನ್ನುವುದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ವೇಟಿಂಗ್ ಪೀರಿಯಡ್ಡಿನಲ್ಲಿ, ಅಂದರೆ ಪಾಲಿಸಿ ಕೊಂಡ ಮೇಲೆ ಕವರ್ ಶುರುವಾಗುವವರೆಗೆ ಕಾಯಬೇಕಾದ ದಿನಗಳಲ್ಲಿ, ಕಂಡ ಲಕ್ಷಣವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಕಾಯಿಲೆಗಳಿಗೆ ಈ ಅವಧಿ ಸಾಮಾನ್ಯವಾಗಿ 14ರಿಂದ 30 ದಿನ, ಅಪಘಾತಕ್ಕೆ ಅದಕ್ಕಿಂತ ಕಡಿಮೆ.

ಗಂಡು ಬೆಕ್ಕಿನ ಮೂತ್ರದ ತೊಂದರೆಯನ್ನೇ ತೆಗೆದುಕೊಳ್ಳಿ. ಬೆಕ್ಕು ಲಿಟರ್ ಟ್ರೇಗೆ ಪದೇ ಪದೇ ಹೋಗುತ್ತದೆ, ಕೂತು ತಿಣುಕುತ್ತದೆ, ಹನಿಯೂ ಬರುವುದಿಲ್ಲ, ಎದ್ದು ಬಂದು ಹಿಂಭಾಗ ನೆಕ್ಕಿಕೊಳ್ಳುತ್ತದೆ, ಎತ್ತಿಕೊಳ್ಳಲು ಹೋದರೆ ಕೂಗುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ ಮತ್ತು ಲೋಳೆ ಸೇರಿ ಬಿರಟೆಯ ಹಾಗೆ ಕಟ್ಟಿಕೊಳ್ಳುತ್ತದೆ. ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲೇ ಜೀವ ಹೋಗಬಹುದು. (ಇದನ್ನು ಮಲಬದ್ಧತೆ ಅಂದುಕೊಂಡು ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.) ಅರಿವಳಿಕೆ, ಕ್ಯಾಥೆಟರ್, ಡ್ರಿಪ್, ಕೆಲವು ದಿನದ ದಾಖಲಾತಿ ಎಲ್ಲ ಸೇರಿ ಬಿಲ್ ದೊಡ್ಡದೇ ಆಗುತ್ತದೆ. ತೊಂದರೆ ಮರುಕಳಿಸುವುದೂ ಉಂಟು. ಪದೇ ಪದೇ ಕಟ್ಟಿಕೊಂಡರೆ ಮೂತ್ರದ ದಾರಿ ಅಗಲ ಮಾಡುವ ಶಸ್ತ್ರಚಿಕಿತ್ಸೆವರೆಗೂ ಹೋಗುತ್ತದೆ.

ಈ ಬೆಕ್ಕಿನ ಫೈಲಿನಲ್ಲಿ ಪಾಲಿಸಿಗೆ ಎರಡು ತಿಂಗಳ ಹಿಂದೆ "ಟ್ರೇ ಹೊರಗೆ ಮೂತ್ರ, ಸಿಸ್ಟೈಟಿಸ್ ಇರಬಹುದು" (ಸಿಸ್ಟೈಟಿಸ್ ಅಂದರೆ ಮೂತ್ರಕೋಶದ ಉರಿಯೂತ) ಅಂತ ಒಂದು ಸಾಲು ಇದ್ದರೆ, ಮುಂದಿನ ಮೂತ್ರದ ಕ್ಲೇಮನ್ನೆಲ್ಲ ತಳ್ಳಿಹಾಕಲು ಆ ಸಾಲೇ ಸಾಕಾಗಬಹುದು. ಆದ್ದರಿಂದ ಅರ್ಜಿ ಹಾಕುವ ಮೊದಲು ನಿಮ್ಮ ಬೆಕ್ಕಿನ ಪೂರ್ತಿ ಚಿಕಿತ್ಸಾ ದಾಖಲೆ ತರಿಸಿ ಓದಿ. ತಪ್ಪು ನಮೂದಾಗಿದ್ದರೆ ಡಾಕ್ಟರ ಬಳಿ ಸರಿಪಡಿಸಿಕೊಳ್ಳಿ. ಇದ್ದದ್ದನ್ನು ಮುಚ್ಚಿಡಬೇಡಿ, ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. ವಾಸಿಯಾದ ತೊಂದರೆ ಇಂತಿಷ್ಟು ತಿಂಗಳು ಮರುಕಳಿಸದಿದ್ದರೆ ಮತ್ತೆ ಕವರ್ ಕೊಡುವ ಪಾಲಿಸಿಗಳೂ ಇವೆ, ಅದನ್ನೂ ಕೇಳಿ. ಬೆಕ್ಕು ಮರಿಯಾಗಿದ್ದಾಗಲೇ, ಫೈಲು ಖಾಲಿ ಇರುವಾಗಲೇ ವಿಮೆ ಮಾಡಿಸಿ ಅನ್ನುವುದು ಇದಕ್ಕೇ. ಮಧ್ಯದಲ್ಲಿ ಕಂಪನಿ ಬದಲಿಸಿದರೆ ಅಲ್ಲಿಯವರೆಗಿನ ಕಾಯಿಲೆಗಳೆಲ್ಲ ಹೊಸ ಕಂಪನಿಯ ಕಣ್ಣಿಗೆ ಹಳೆಯವು. ಮೊದಲ ಆಯ್ಕೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾದ್ದು ಅದರಿಂದಲೇ.

ಲೆಕ್ಕದ ವಿಷಯಕ್ಕೆ ಬರೋಣ. ಡಿಡಕ್ಟಿಬಲ್ ಅಂದರೆ ಮೊದಲು ನಮ್ಮ ಕೈಯಿಂದ ಹೋಗುವ ಮೊತ್ತ. ಬಿಲ್ 1000, ಡಿಡಕ್ಟಿಬಲ್ 200, ಮರುಪಾವತಿ ಶೇ 80 ಇರಲಿ. ಮೊದಲು 200 ಕಳೆದು ಉಳಿದ 800ಕ್ಕೆ ಶೇ 80 ಕೊಟ್ಟರೆ ಕೈಗೆ ಬರುವುದು 640. ಮೊದಲು ಶೇ 80 ತೆಗೆದು ಆಮೇಲೆ 200 ಕಳೆದರೆ 600. ಅದೇ ಅಂಕಿಗಳು, ಕ್ರಮ ಬದಲಾದರೆ 40 ಕಡಿಮೆ. ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ, ಪ್ರತಿ ಕಾಯಿಲೆಗೋ ಅನ್ನುವುದೂ ಮುಖ್ಯ. ಒಂದೇ ವರ್ಷ ಕಿಡ್ನಿ, ಥೈರಾಯ್ಡ್, ಹಲ್ಲು ಮೂರೂ ಬಂದರೆ ಪ್ರತಿ ಕಾಯಿಲೆಯ ಲೆಕ್ಕದಲ್ಲಿ ಮೂರು ಸಲ ಕಳೆಯುತ್ತಾರೆ. ಆದರೆ ಒಂದು ಕಾಯಿಲೆಗೆ ಜೀವಮಾನದಲ್ಲಿ ಒಂದೇ ಸಲ ಕಳೆಯುವ ಪಾಲಿಸಿಯಾದರೆ ದೀರ್ಘ ಕಾಯಿಲೆಯ ಬೆಕ್ಕಿಗೆ ಅದೇ ಲಾಭ. ಪ್ರೀಮಿಯಂ ಇಳಿಸಬೇಕಿದ್ದರೆ ಡಿಡಕ್ಟಿಬಲ್ ಏರಿಸಿ, ವರ್ಷದ ಮಿತಿ ಇಳಿಸಬೇಡಿ. ಸಣ್ಣ ಬಿಲ್ಲನ್ನು ಹೇಗೋ ಭರಿಸಬಹುದು, ವಿಮೆ ಬೇಕಾಗುವುದು ದೊಡ್ಡದಕ್ಕೆ.

ಹಲ್ಲಿನ ಷರತ್ತನ್ನು ಬೇರೆಯಾಗಿಯೇ ಓದಿ. ಬೆಕ್ಕುಗಳಲ್ಲಿ ಹಲ್ಲು ತಾನಾಗಿಯೇ ಬುಡದಿಂದ ಕರಗುವ ತೊಂದರೆ ಬಹಳ ಸಾಮಾನ್ಯ; ಎಕ್ಸ್‌ರೇ ತೆಗೆದು ಹಲ್ಲು ಕೀಳಬೇಕಾಗುತ್ತದೆ. ಬಾಯಿಯ ತೀವ್ರ ಉರಿಯೂತಕ್ಕೆ ಕೆಲವೊಮ್ಮೆ ಎಲ್ಲ ಹಲ್ಲನ್ನೂ ತೆಗೆಯುತ್ತಾರೆ. "ಡೆಂಟಲ್ ಕವರ್ ಇದೆ" ಅಂದದ್ದು ಪೆಟ್ಟು ಬಿದ್ದು ಮುರಿದ ಹಲ್ಲಿಗೆ ಮಾತ್ರವೋ, ಕಾಯಿಲೆಗೂ ಉಂಟೋ ಕೇಳಿ. ಉಂಟು ಅಂದರೂ ವರ್ಷಕ್ಕೊಮ್ಮೆ ಹಲ್ಲು ತೋರಿಸಿದ ದಾಖಲೆ ಕೇಳುವುದು ಸಾಮಾನ್ಯ. ಲಸಿಕೆಯೂ ಹಾಗೆಯೇ, ಗಡುವು ತಪ್ಪಿದರೆ ಆ ರೋಗದ ಕ್ಲೇಮ್ ಹೋಯಿತು.

ತಳಿ ಬೆಕ್ಕು ಸಾಕಿದವರಿಗೆ ವಂಶಪಾರಂಪರ್ಯ ಕಾಯಿಲೆಯ ಕವರ್ ಕಡ್ಡಾಯ. ಮೇನ್ ಕೂನ್, ರ‍್ಯಾಗ್‌ಡಾಲ್‌ಗಳಲ್ಲಿ ಹೃದಯದ ಸ್ನಾಯು ದಪ್ಪಗಾಗುವುದು, ಪರ್ಷಿಯನ್‌ಗಳಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆ ಏಳುವುದು ಹುಟ್ಟಿನಿಂದಲೇ ಬಂದ ಜೀನಿನ ದೋಷದಿಂದ. ಸ್ಕಾಟಿಷ್ ಫೋಲ್ಡಿನ ಕಿವಿ ಮಡಚಿಸುವ ಜೀನೇ ಅದರ ಕೀಲುಗಳನ್ನೂ ಕೆಡಿಸುತ್ತದೆ. ಈ ಕವರ್ ಇಲ್ಲದಿದ್ದರೆ ಯಾವ ಕಾಯಿಲೆಗೆ ಹೆದರಿ ವಿಮೆ ಮಾಡಿಸಿದಿರೋ ಅದೇ ಹೊರಗುಳಿಯುತ್ತದೆ.

ಡಾಕ್ಟರ ಕನ್ಸಲ್ಟೇಷನ್ ಫೀ, ಕಾಯಿಲೆಗೆಂದೇ ಬರೆದುಕೊಡುವ ವಿಶೇಷ ಆಹಾರ, ಇವೆರಡೂ ಹಲವು ಪಾಲಿಸಿಗಳಲ್ಲಿ ಇರುವುದಿಲ್ಲ. ಕಿಡ್ನಿ ಬೆಕ್ಕಿಗೆ ಆ ಆಹಾರ ಪ್ರತಿ ತಿಂಗಳ ಖರ್ಚು, ಹಾಗಾಗಿ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಲಸಿಕೆ, ಜಂತುಹುಳು ಔಷಧಿಗೆಂದು ಸೇರಿಸುವ ವೆಲ್‌ನೆಸ್ ಪ್ಯಾಕಿನಲ್ಲಿ ಅವರು ಕೊಡುವ ಒಟ್ಟು ಮೊತ್ತಕ್ಕೂ ಅದಕ್ಕೆಂದು ಕಟ್ಟುವ ಹೆಚ್ಚುವರಿ ಪ್ರೀಮಿಯಂಗೂ ಇರುವ ವ್ಯತ್ಯಾಸ ಕೂಡಿ ಕಳೆದು ನೋಡಿ. ಬಹಳ ಸಲ ಏನೂ ಉಳಿಯುವುದಿಲ್ಲ.

ವಿಮೆ ಇದ್ದರೂ ಬಹುತೇಕ ಕಡೆ ಮೊದಲು ಪೂರ್ತಿ ಬಿಲ್ ನಾವೇ ಕಟ್ಟಬೇಕು, ಆಮೇಲೆ ವಾಪಸ್ ಬರುತ್ತದೆ. ಆದ್ದರಿಂದ ಒಂದು ರಾತ್ರಿಯ ಎಮರ್ಜೆನ್ಸಿಗೆ ಆಗುವಷ್ಟು ದುಡ್ಡು ಪ್ರತ್ಯೇಕವಾಗಿ ಇಟ್ಟುಕೊಂಡಿರಿ. ಬೆಕ್ಕಿಗೆ ಈಗಾಗಲೇ 12–13 ವರ್ಷವಾಗಿ ಫೈಲಿನಲ್ಲಿ ಎರಡು ಮೂರು ಕಾಯಿಲೆ ಸೇರಿದ್ದರೆ, ಪ್ರೀಮಿಯಂ ಕಟ್ಟುವುದಕ್ಕಿಂತ ಆ ದುಡ್ಡನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುವುದೇ ಮೇಲು.

ಕ್ಲೇಮಿಗೆ ಬೇಕಾಗುವುದು ಐಟಂವಾರು ಬಿಲ್, ಪಾವತಿ ರಸೀದಿ, ಡಾಕ್ಟರ ಟಿಪ್ಪಣಿ, ಪರೀಕ್ಷಾ ವರದಿ, ಮೈಕ್ರೋಚಿಪ್ ನಂಬರ್. "ಚಿಕಿತ್ಸಾ ವೆಚ್ಚ" ಅಂತ ಒಂದೇ ಸಾಲಿನ ಬಿಲ್ ಕೊಟ್ಟರೆ ಬಿಲ್ಲನ್ನೇ ವಾಪಸ್ ಕಳಿಸುತ್ತಾರೆ, ಕೌಂಟರಿನಲ್ಲೇ ಬಿಡಿಸಿ ಬರೆಸಿಕೊಳ್ಳಿ. ಡಿಡಕ್ಟಿಬಲ್ ವರ್ಷದ ಲೆಕ್ಕದ್ದಾಗಿದ್ದರೆ ಅದಕ್ಕಿಂತ ಕಡಿಮೆಯ ಬಿಲ್ಲುಗಳನ್ನೂ ಕಳಿಸಿ, ಅವು ಒಟ್ಟುಗೂಡುತ್ತಾ ಹೋಗುತ್ತವೆ. ಮುಂಚೆಯೇ ಗೊತ್ತಿರುವ ಶಸ್ತ್ರಚಿಕಿತ್ಸೆಯಾದರೆ ಅಂದಾಜು ಪಟ್ಟಿ ಕಳಿಸಿ ಲಿಖಿತ ಒಪ್ಪಿಗೆ ತರಿಸಿಕೊಂಡ ಮೇಲೆಯೇ ತಾರೀಖು ಗೊತ್ತುಮಾಡಿ. ತಿರಸ್ಕಾರದ ಪತ್ರ ಬಂದರೆ ಸುಮ್ಮನಾಗಬೇಡಿ. ಯಾವ ಕಲಮಿನ ಕೆಳಗೆ ತಿರಸ್ಕರಿಸಿದ್ದು ಅಂತ ಕೇಳಿ, ಆ ಕಾಯಿಲೆಗೂ ಹಳೆಯ ಲಕ್ಷಣಕ್ಕೂ ಸಂಬಂಧವಿಲ್ಲದಿದ್ದರೆ ಹಾಗೆಂದು ಡಾಕ್ಟರಿಂದ ಬರೆಸಿ ಮೇಲ್ಮನವಿ ಹಾಕಿ.