ನೋವಿಲ್ಲ ಅಂತ ಸುಮ್ಮನಿರಬೇಡಿ

ನನಗೆ ಸ್ತನ ಕ್ಯಾನ್ಸರ್ ಆಗಿತ್ತು ಅಂತ ಗೊತ್ತಾದವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ತುಂಬಾ ನೋವಿತ್ತಾ?" ಇಲ್ಲ, ಒಂಚೂರೂ ಇರಲಿಲ್ಲ. ಹಾಗಂದರೆ ಯಾರೂ ಬೇಗ ನಂಬುವುದಿಲ್ಲ. ನೋವಿದ್ದರೆ ತಾನೇ ಕಾಯಿಲೆ, ನೋವಿಲ್ಲ ಅಂದರೆ ಏನೂ ಇಲ್ಲ ಅಂದುಕೊಂಡೇ ನಾವೆಲ್ಲ ಓಡಾಡಿಕೊಂಡಿರುತ್ತೇವೆ. ಹಲ್ಲುನೋವು ತಡೆಯೋಕಾಗಲ್ಲ ಅನ್ನುವವರೆಗೂ ಡಾಕ್ಟರ ಹತ್ತಿರ ಹೋಗುವವರಲ್ಲ ನಾವು. ಈ ಕಾಯಿಲೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಸರವಾದರೂ ಓದಿ.

ನನ್ನ ಗಂಟು ಇದ್ದದ್ದು ಎಡಗಡೆ, ಮೇಲ್ಭಾಗದಲ್ಲಿ, ಕಂಕುಳಿನ ಹತ್ತಿರ. ಹೆಚ್ಚಿನ ಸ್ತನ ಕ್ಯಾನ್ಸರ್ ಗಂಟುಗಳು ಅಲ್ಲೇ ಶುರುವಾಗುತ್ತವೆ. ಬಟ್ಟೆ ಹಾಕಿಕೊಳ್ಳುವಾಗ ಬೆರಳಿಗೆ ತಾಗಿತು. ಗಟ್ಟಿ ಇತ್ತು. ಅಂಚು ಎಲ್ಲಿ ಅಂತ ಸರಿಯಾಗಿ ಸಿಗಲಿಲ್ಲ. ಒತ್ತಿದರೆ ಆಚೀಚೆ ಜಾರಲಿಲ್ಲ. ಕನ್ನಡಿ ಮುಂದೆ ಕೈ ಎತ್ತಿದಾಗ ಅದರ ಮೇಲಿನ ಚರ್ಮ ಸ್ವಲ್ಪ ಒಳಕ್ಕೆ ಎಳೆದುಕೊಂಡ ಹಾಗೆ ಕಾಣುತ್ತಿತ್ತು, ಕೈ ಇಳಿಸಿದರೆ ಏನೂ ಇಲ್ಲ. ಜ್ವರವಿಲ್ಲ, ಸುಸ್ತಿಲ್ಲ, ತೂಕ ಇಳಿದಿಲ್ಲ. ಮೊದಲು ತೋರಿಸಿದ ಡಾಕ್ಟರು "ನೋವಿಲ್ಲ ಅಲ್ವಾ? ಹಾರ್ಮೋನಿಂದ ಇರಬಹುದು, ಕೆಲವು ತಿಂಗಳು ನೋಡೋಣ" ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ, ಬೇರೆಯವರ ಹತ್ತಿರ ಹೋದೆ. ಅವರೂ ಬೈಯಲಿಲ್ಲ, ಹೆದರಿಸಲಿಲ್ಲ. ಕೈಯಲ್ಲಿ ಪರೀಕ್ಷೆ ಮಾಡಿದರು, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮತ್ತು ಅಲ್ಟ್ರಾಸೌಂಡ್ ಮಾಡಿಸಿದರು, ಆಮೇಲೆ ಬಯಾಪ್ಸಿ, ಅಂದರೆ ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆ. ಗಂಟಿಗೆ ಉತ್ತರ ಸಿಗುವುದು ಈ ಮೂರೂ ಸೇರಿದಾಗಲೇ. ಒಂದನ್ನು ಮಾಡಿಸಿ "ನಾರ್ಮಲ್ ಬಂತು" ಅಂತ ಮನೆಗೆ ಬಂದರೆ, ಗಂಟು ಅಲ್ಲೇ ಇದ್ದರೆ, ಕೆಲಸ ಅರ್ಧ ಆಗಿದೆ ಅಂತಲೇ ತಿಳಿಯಿರಿ. ಮ್ಯಾಮೊಗ್ರಾಂಗೂ ಕಣ್ಣಿಗೆ ಬೀಳದೆ ಹೋಗುವುದುಂಟು. ಸ್ತನದ ಅಂಗಾಂಶ ದಟ್ಟವಾಗಿದ್ದರೆ ಅದೂ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೆ ಕಾಣುತ್ತದೆ. ವಯಸ್ಸು ಕಡಿಮೆ ಇರುವವರಲ್ಲಿ ಇದು ಜಾಸ್ತಿ.

ಬಯಾಪ್ಸಿ ಅಂದರೆ "ಸೂಜಿ ಹಾಕಿದರೆ ಹರಡಿಬಿಡುತ್ತೆ" ಅನ್ನುವವರು ಪ್ರತಿ ಕುಟುಂಬದಲ್ಲೂ ಒಬ್ಬರು ಇರುತ್ತಾರೆ. ಹರಡುವುದು ಸೂಜಿಯಿಂದಲ್ಲ, ಸೂಜಿ ಹಾಕಿಸದೆ ಕಳೆಯುವ ತಿಂಗಳುಗಳಿಂದ. ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಟಕ್ ಅಂತ ಒಂದು ಸದ್ದು ಬರುತ್ತದೆ, ಬೆಚ್ಚಿಬೀಳುವುದು ಆ ಸದ್ದಿಗೇ.

ಗಂಟು ಸಿಕ್ಕಿದ ತಕ್ಷಣ ಕ್ಯಾನ್ಸರ್ ಅಂತ ಅಳುತ್ತಾ ಕೂರುವುದೂ ಬೇಡ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ನೀರುಗುಳ್ಳೆಯೋ ನಾರಿನ ಗಡ್ಡೆಯೋ ಆಗಿರುತ್ತವೆ. ಮೊನ್ನೆ ಅಕ್ಕನ ಮಗಳು ಫೋನ್ ಮಾಡಿ ಪಿಸುಗುಟ್ಟಿದಳು. "ಚಿಕ್ಕಮ್ಮಾ, ಎರಡೂ ಕಡೆ ನೋಯುತ್ತೆ, ನನಗೂ ಅದೇನಾ?" ಯಾವಾಗ ನೋಯುತ್ತೆ ಅಂತ ಕೇಳಿದೆ. ಮುಟ್ಟಿಗೆ ಮುಂಚೆ, ಆಮೇಲೆ ಹೋಗುತ್ತೆ ಅಂದಳು. ಎರಡೂ ಕಡೆ, ತಿಂಗಳ ಲೆಕ್ಕದಲ್ಲಿ ಬಂದು ಹೋಗುವ ನೋವು ಸಾಮಾನ್ಯವಾಗಿ ಹಾರ್ಮೋನಿನ ಆಟ. ಆದರೂ ಒಮ್ಮೆ ತೋರಿಸಿಕೊಂಡು ಬಾ ಅಂದೆ, ಸುಮ್ನೆ ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡ ಅಂತಲೂ ಬೈದೆ. ವಿಚಿತ್ರ ನೋಡಿ, ನೋವಿರುವವಳು ನಿದ್ದೆಗೆಟ್ಟಿದ್ದಾಳೆ, ನೋವಿಲ್ಲದ ಗಂಟು ಇಟ್ಟುಕೊಂಡವರು ಆರಾಮಾಗಿದ್ದಾರೆ.

ಗಂಟೊಂದೇ ಲಕ್ಷಣವೂ ಅಲ್ಲ. ತೊಟ್ಟು ಮೊದಲಿನಿಂದಲೂ ಒಳಗಿದ್ದರೆ ಚಿಂತೆಯಿಲ್ಲ, ಈಚೆಗೆ ಒಳಕ್ಕೆ ಹೋಗಿದ್ದರೆ ತೋರಿಸಿ. ಒಂದೇ ಕಡೆಯ ತೊಟ್ಟಿನಿಂದ ತಾನಾಗೇ ರಕ್ತದ ಬಣ್ಣದ ನೀರು ಬಂದರೆ ತೋರಿಸಿ. ತೊಟ್ಟಿನ ಮೇಲೆ ಕಜ್ಜಿಯ ಹಾಗೆ ಸಿಪ್ಪೆ ಏಳುತ್ತಿದ್ದು, ಮುಲಾಮು ಹಚ್ಚಿದರೂ ವಾಸಿಯಾಗುತ್ತಿಲ್ಲ ಅಂದರೆ ಚರ್ಮದ ಡಾಕ್ಟರಲ್ಲಿಗೆ ನಿಲ್ಲಿಸಬೇಡಿ. ಕಂಕುಳಲ್ಲಿ ಗಡ್ಡೆ, ಸ್ತನದ ಚರ್ಮ ದಪ್ಪಗಾಗಿ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಗುವುದು, ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಳ್ಳುವುದು. ಈ ಕೊನೆಯದರಲ್ಲಿ ಗಂಟೇ ಸಿಗದೆ ಇರಬಹುದು, ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟು ಕಳಿಸುವುದೂ ಉಂಟು. ಮಾತ್ರೆ ಮುಗಿದರೂ ಕಡಿಮೆಯಾಗದಿದ್ದರೆ ವಾಪಸ್ ಹೋಗಿ ಕೂರಿ. ಗಂಡಸರೂ ಓದಿಕೊಳ್ಳಿ, ನೂರರಲ್ಲಿ ಅರ್ಧದಿಂದ ಒಂದು ಭಾಗ ನಿಮಗೇ ಬರುವುದು.

ತಿಂಗಳಿಗೊಮ್ಮೆ ಇಂಥ ದಿನ, ಹೀಗೇ ಬೆರಳು ತಿರುಗಿಸಿ ನೋಡಿಕೊಳ್ಳಿ ಅನ್ನುವ ಚಿತ್ರಗಳು ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತವೆ. ಶಾಂಘೈಯ ಬಟ್ಟೆ ಕಾರ್ಖಾನೆಗಳಲ್ಲಿ ಕೆಲಸ ಮಾಡುವ 2.6 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಇದನ್ನು ಪರೀಕ್ಷೆ ಮಾಡಿದ್ದಾರೆ. ಅರ್ಧದಷ್ಟು ಜನಕ್ಕೆ ಈ ಕ್ರಮ ಕಲಿಸಿದರು, ಉಳಿದವರಿಗೆ ಇಲ್ಲ. ಫಲಿತಾಂಶ 2002ರಲ್ಲಿ ಬಂತು. ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಇರಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಜಾಸ್ತಿ ಆಗಿತ್ತು. ಅದಕ್ಕೇ ಈಗ ಹೇಳುವುದು, ಕ್ರಮ ಬಾಯಿಪಾಠ ಮಾಡಬೇಡಿ, ನಿಮ್ಮ ಮೈ ಸಹಜವಾಗಿ ಹೇಗಿರುತ್ತದೆ ಅಂತ ತಿಳಿದಿರಿ, ಬದಲಾದರೆ ಗೊತ್ತಾಗುವಷ್ಟು. ನನಗೆ ಇದೇ ಸರಿ ಅನ್ನಿಸುತ್ತದೆ. ತಾರೀಖು ತಪ್ಪಿತು ಅಂತ ಹೆಂಗಸರಿಗೆ ಇನ್ನೊಂದು ತಪ್ಪಿತಸ್ಥ ಭಾವನೆ ಯಾಕೆ?

ಮ್ಯಾಮೊಗ್ರಾಂ ಯಾವ ವಯಸ್ಸಿಂದ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ತಜ್ಞರ ಸಮಿತಿ 2024ರಿಂದ 40ರಿಂದ 74ರ ತನಕ ಎರಡು ವರ್ಷಕ್ಕೊಮ್ಮೆ ಅನ್ನುತ್ತದೆ, ಬ್ರಿಟನ್ನಿನಲ್ಲಿ 50ಕ್ಕೆ ಶುರು, ಮೂರು ವರ್ಷಕ್ಕೊಮ್ಮೆ. ಇದೆಲ್ಲ ಏನೂ ತೊಂದರೆ ಇಲ್ಲದವರಿಗೆ. ಗಂಟು ಸಿಕ್ಕಿದವರು 40 ತುಂಬಲಿ ಅಂತ ಕಾಯುವ ಹಾಗಿಲ್ಲ.

ಆಮೇಲೆ "ಯಾಕೆ ಬಂತು?" ಅನ್ನುವ ವಿಚಾರಣೆ. ಒಳಉಡುಪು ಬಿಗಿಯಾಗಿತ್ತಾ, ಡಿಯೋಡರೆಂಟ್ ಹಾಕ್ತಿದ್ದೆಯಾ, ಮಗುವಿಗೆ ಸರಿಯಾಗಿ ಹಾಲು ಕೊಟ್ಟೆಯಾ. ಮೊದಲ ಎರಡಕ್ಕೆ ಆಧಾರವಿಲ್ಲ. ಹಾಲೂಡಿಸುವುದು ಅಪಾಯ ಸ್ವಲ್ಪ ತಗ್ಗಿಸುತ್ತದೆ ನಿಜ, ಮದ್ಯ ಮತ್ತು ಮುಟ್ಟು ನಿಂತ ಮೇಲಿನ ಅತಿತೂಕ ಅಪಾಯ ಹೆಚ್ಚಿಸುತ್ತವೆ ಅನ್ನುವುದೂ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು ಅರ್ಧದಷ್ಟು ಮಂದಿಗೆ ಹೆಣ್ಣಾಗಿರುವುದು ಮತ್ತು 40 ದಾಟಿರುವುದು ಬಿಟ್ಟರೆ ಬೇರೆ ಗುರುತಿಸುವಂಥ ಕಾರಣವೇ ಇರುವುದಿಲ್ಲ. ಅಮ್ಮನಿಗೆ ಇರಲಿಲ್ಲ, ನನಗೆ ಬರಲ್ಲ ಅನ್ನುವ ಧೈರ್ಯವೂ ಬೇಡ. ವಂಶವಾಹಿಯಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಅಷ್ಟೇ. ಆದರೆ ಮನೆಯಲ್ಲಿ ಹಲವರಿಗೆ ಬಂದಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿಗೆ, ಜೀನ್ ಪರೀಕ್ಷೆಯ ಬಗ್ಗೆ ಖಂಡಿತ ಕೇಳಿ.

ಇಡೀ ಸ್ತನ ತೆಗೆಯಲೇಬೇಕು ಅನ್ನುವ ಭಯವೂ ಹೆಂಗಸರನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ. ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೇಸಿ ಇಬ್ಬರ ತಂಡಗಳೂ ಇಪ್ಪತ್ತು ವರ್ಷ ರೋಗಿಗಳನ್ನು ಹಿಂಬಾಲಿಸಿ 2002ರಲ್ಲಿ ಲೆಕ್ಕ ಕೊಟ್ಟವು. ಚಿಕ್ಕ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ತೆಗೆಸಿಕೊಂಡವರೂ ಬದುಕುಳಿದದ್ದು ಒಂದೇ ಪ್ರಮಾಣದಲ್ಲಿ. ನನಗೂ ಗಡ್ಡೆ ಮಾತ್ರ ತೆಗೆದರು. ಪೂರ್ತಿ ತೆಗೆಸಬೇಕಾಗಿ ಬಂದ ಗೆಳತಿಯೂ ಇದ್ದಾಳೆ, ಅವಳು ನನಗಿಂತ ಜೋರಾಗಿ ನಗುತ್ತಾಳೆ.

ಕೀಮೋ ಬಗ್ಗೆ ಕೂದಲಿನ ಮಾತೊಂದೇ ಆಡುತ್ತಾರೆ. ಡಾಕ್ಸೊರುಬಿಸಿನ್ ಅನ್ನುವ ಔಷಧ ಕಡುಕೆಂಪು. ನರ್ಸ್ ಗ್ಲೌಸ್ ಹಾಕಿಕೊಂಡು ನಿಧಾನಕ್ಕೆ ಏರಿಸುತ್ತಾರೆ, ಆಮೇಲೆ ಮೂತ್ರವೂ ಕೆಂಪು. ಯಾರೂ ಮೊದಲೇ ಹೇಳದಿದ್ದರೆ ರಕ್ತ ಅಂತ ಕಿರುಚುವುದೇ. ಮೂಗಿನೊಳಗಿನ ಕೂದಲೂ ಹೋಗುತ್ತದೆ, ಹಾಗಾಗಿ ಬಗ್ಗಿದರೆ ಸಾಕು ಮೂಗು ಸೋರುತ್ತದೆ. ರೆಪ್ಪೆಗೂದಲು ಹೋದ ಮೇಲೆ ಗಾಳಿಗೆ ಕಣ್ಣು ಬಿಡೋಕಾಗಲ್ಲ. ಮುಂದಿನ ಔಷಧಕ್ಕೆ ಬೆರಳ ತುದಿ ಜೋಮು ಹಿಡಿದು ಅಂಗಿಯ ಗುಂಡಿ ಹಾಕಲಾಗದೆ ಅತ್ತಿದ್ದೇನೆ. ಎಲ್ಲರಿಗೂ ಹೀಗೇ ಅಲ್ಲ, ಕೀಮೋನೇ ಬೇಡದವರೂ ಇದ್ದಾರೆ. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯೇ, ಅದರಲ್ಲಿ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯೇ ಅನ್ನುವುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಹಾಗಾಗಿ "ನಮ್ಮ ಪಕ್ಕದವರಿಗೆ ಬರೀ ಮಾತ್ರೆ ಕೊಟ್ಟರಂತೆ" ಅನ್ನುವ ಹೋಲಿಕೆ ದಯವಿಟ್ಟು ರೋಗಿಯ ಮುಂದೆ ಬೇಡ.

ಅಕ್ಟೋಬರ್ ಬಂತು ಅಂದರೆ ಎಲ್ಲೆಲ್ಲೂ ಗುಲಾಬಿ ರಿಬ್ಬನ್. ತಕರಾರಿಲ್ಲ. ಆದರೆ 1974ರಲ್ಲಿ ಅಮೆರಿಕದ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್ ತನಗೆ ಸ್ತನ ಆಪರೇಷನ್ ಆಗಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದಾಗ ರಿಬ್ಬನ್ ಇರಲಿಲ್ಲ. ಸಾವಿರಾರು ಹೆಂಗಸರು ಪರೀಕ್ಷೆಗೆ ಹೋದರು. ಆಗ ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಿದ್ದ ರಾಕ್‌ಫೆಲರ್ ಅವರ ಹೆಂಡತಿಗೂ ಕೆಲವೇ ವಾರಗಳಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಒಬ್ಬಳು ಬಾಯಿಬಿಟ್ಟು ಹೇಳಿದ್ದಕ್ಕೆ ಇಷ್ಟಾಯಿತು. ನಮ್ಮಲ್ಲಿ ಇನ್ನೂ "ಅಲ್ಲಿ ಒಂದು ಗಂಟು" ಅಂತ ಕಣ್ಸನ್ನೆ ಮಾಡುತ್ತೇವೆ, ಸ್ವಂತ ಮಗಳ ಹತ್ತಿರವೂ.

ಈಗ ನಾನು ಹೇಗಿದ್ದೇನೆ? ಚೆನ್ನಾಗಿದ್ದೇನೆ. "ಗೆದ್ದು ಬಂದೆ" ಅನ್ನಬೇಡಿ, ತೀರಿಹೋದವರು ಸೋತವರಲ್ಲ. ದಿನಾ ಹಾರ್ಮೋನ್ ಮಾತ್ರೆ ಇದೆ, ಐದರಿಂದ ಹತ್ತು ವರ್ಷ ನುಂಗಬೇಕು. ಬೆಳಿಗ್ಗೆ ಎದ್ದಾಗ ಕೀಲುಗಳು ಹಿಡಿದುಕೊಂಡಿರುತ್ತವೆ, ನಡೆದರೆ ಸಡಿಲವಾಗುತ್ತದೆ. ಎಡಗೈ ಊದುತ್ತದೆಯಾ ಅಂತ ಗಮನಿಸುತ್ತಿರುತ್ತೇನೆ. ವರ್ಷಕ್ಕೊಂದು ಮ್ಯಾಮೊಗ್ರಾಂ. ಲಕ್ಷಣವಿಲ್ಲದಿದ್ದರೆ ಮೈಗೆಲ್ಲ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ನೆಂಟರಿಗೆ ಮಾತ್ರ ಸಮಾಧಾನವಿಲ್ಲ.

ಕಾಮೆಂಟಿನಲ್ಲಿ ಕೇಳಲು ಸಂಕೋಚವಾದರೆ ಇನ್‌ಬಾಕ್ಸಿಗೆ ಬನ್ನಿ. ರಿಪೋರ್ಟಿನ ಫೋಟೋ ಕಳಿಸಬೇಡಿ, ನಾನು ಡಾಕ್ಟರಲ್ಲ. ಒಬ್ಬರೇ ಹೋಗಲು ಭಯ ಅಂದರೆ ಹೇಳಿ, ಪರೀಕ್ಷೆ ಮುಗಿಯುವವರೆಗೆ ಫೋನಿನಲ್ಲಿ ಜೊತೆಗಿರುತ್ತೇನೆ.