‘ಗೊತ್ತಿಲ್ಲ’ಕ್ಕೆ ಬಣ್ಣ ಯಾವುದು?

ಗುಂಡಿ ಒತ್ತಿದರು. ಪರದೆಯ ಮೇಲೆ ನೀಲಿ ಭೂಗೋಳ ಗರಗರನೆ ಮೂರು ಸುತ್ತು ತಿರುಗಿ, ಮೋಡ ಸೀಳಿಕೊಂಡು ಕೆಳಗಿಳಿಯಿತು. ಬಣ್ಣಬಣ್ಣದ ಚುಕ್ಕೆಗಳು ಟಪಟಪನೆ ಉದುರಿದವು. ಚಪ್ಪಾಳೆ. ಸಾರ್ವಜನಿಕ ಸೇವೆಗಳ ನಕ್ಷೆ-ಡ್ಯಾಶ್‌ಬೋರ್ಡ್ ಲೋಕಾರ್ಪಣೆಯಾಯಿತು ಅಂತ ತಿಳಿಯಬೇಕು. ಯಾವ ದೇಶದ ಯಾವ ಇಲಾಖೆಯೇ ಆಗಲಿ, ಈ ಮೂರು ಸುತ್ತು ಮಾತ್ರ ತಪ್ಪುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಿದ್ದ ಕಾಲ ಹೋಯಿತು. ಈಗ ಅಂಗೈಗೊಂದು ಜಿಯೋ-ಪೋರ್ಟಲ್, ಹುಣ್ಣಿಗೊಂದು ಪಿನ್.

ಚಪ್ಪಾಳೆ ನಿಂತ ಮೇಲೆ ಯಾರಾದರೂ ಕಿಡಿಗೇಡಿ ಮೌಸಿನ ಚಕ್ರ ಹಿಂದಕ್ಕೆ ತಿರುಗಿಸಿ ಇಡೀ ಜಗತ್ತು ಕಾಣುವಂತೆ ಮಾಡಿದನೋ, ಸಮಾರಂಭ ಕೆಟ್ಟಿತು. ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ ನಾಲ್ಕು ಶಾಲೆ, ಒಂದು ಆಸ್ಪತ್ರೆ, ಒಂದಷ್ಟು ಬೀದಿದೀಪ! ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ವ್ಯವಸ್ಥೆ ಇನ್ನೊಂದಿಲ್ಲ.

ಆ ಜಾಗದ ಅಕ್ಷಾಂಶ 0, ರೇಖಾಂಶವೂ 0. ನಕ್ಷೆಯವರು ಅದನ್ನು ನಲ್ ಐಲೆಂಡ್ ಎನ್ನುತ್ತಾರೆ. ದ್ವೀಪ ಗೀಪ ಏನಿಲ್ಲ. ಬಹುಕಾಲ ಅಲ್ಲಿದ್ದದ್ದು ಹವಾಮಾನ ಅಳೆಯಲು ಲಂಗರು ಹಾಕಿ ನಿಲ್ಲಿಸಿದ್ದ ಒಂದು ತೇಲುಯಂತ್ರ. ನ್ಯಾಚುರಲ್ ಅರ್ತ್ ಎಂಬ ಉಚಿತ ದತ್ತಾಂಶದವರು, ತಪ್ಪುಗಳು ಕಣ್ಣಿಗೆ ಬೀಳಲೆಂದೇ, ಅಲ್ಲಿ ಒಂದು ಚದರ ಮೀಟರಿನ ಸುಳ್ಳು ದ್ವೀಪವನ್ನೂ ಇಟ್ಟರು. ಶಾಲೆಗಳು ಅಲ್ಲಿಗೆ ಈಜಿಕೊಂಡು ಹೋಗುವ ದಾರಿ ಬಹಳ ಸರಳ. ಸಮೀಕ್ಷೆಗೆ ಹೋದವರ ಫೋನಿಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ, ಕಾಲಂ ಖಾಲಿ ಉಳಿಯುತ್ತದೆ. ಜಾಲಪುಟಗಳನ್ನು ಕುಣಿಸುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಖಾಲಿ ಪಠ್ಯವನ್ನು ಸಂಖ್ಯೆಯಾಗಿಸಿದರೆ ಬರುವುದು ಸೊನ್ನೆ. ‘ಗೊತ್ತಿಲ್ಲ’ ಎಂದು ಹೊರಟದ್ದು ‘ಸಮುದ್ರ’ ಎಂದು ತಲುಪಿತು.

ಮದ್ದು ನಾಲ್ಕು ಸಾಲಿನದು. ಅಕ್ಷಾಂಶ, ರೇಖಾಂಶ ಎರಡರಲ್ಲಿ ಒಂದು ಅಂಕಣ ಖಾಲಿಯಿದ್ದರೂ ಬಿಂದು ಹುಟ್ಟಿಸಬೇಡಿ. ಉಳಿದದ್ದನ್ನು ನಾಡಿನ ನಾಲ್ಕು ಮೂಲೆಯ ಅಂಕಿಗಳ ಚೌಕಟ್ಟಿನೊಳಗೆ ಇದೆಯೇ ಎಂದು ಸೋಸಿ. ಹೊರಗೆ ಬಿದ್ದವನ್ನು ಬೇರೆ ಪಟ್ಟಿಗೆ ಹಾಕಿ. ನಕ್ಷೆಯ ಪಕ್ಕದಲ್ಲೇ ‘ಸ್ಥಳ ತಿಳಿಯದವು: ಇಷ್ಟು’ ಎಂದು ಬರೆಯಿರಿ. ಇಲಾಖೆಗಳು ಕಂಡುಕೊಂಡ ಮದ್ದು ಇನ್ನೂ ಚಿಕ್ಕದು, ಒಂದೇ ಸಾಲು: ಕನಿಷ್ಠ ಜೂಮ್ ಮಟ್ಟವನ್ನು 6ಕ್ಕೆ ಕಟ್ಟಿಹಾಕುವುದು. ನಕ್ಷೆ ಹಿಂದಕ್ಕೇ ಹೋಗದಿದ್ದರೆ ಸಮುದ್ರ ಎಲ್ಲಿಂದ ಕಾಣಬೇಕು?

ಸೊನ್ನೆಯಾದರೂ ಸಿಕ್ಕಿಬೀಳುತ್ತದೆ, ಅದಲುಬದಲು ಸಿಕ್ಕಿಬೀಳುವುದು ಕಷ್ಟ. ಅಕ್ಷಾಂಶ 15, ರೇಖಾಂಶ 75 ಇರಬೇಕಾದ ಬಾವಿಯನ್ನು ಅಕ್ಷಾಂಶ 75, ರೇಖಾಂಶ 15 ಎಂದು ಓದಿದರೆ ಅದು ನಾರ್ವೆಯ ಉತ್ತರದ ಹಿಮಸಾಗರದಲ್ಲಿ ತೋಡಿದ ಬಾವಿ. ತಂತ್ರಾಂಶ ಚಕಾರ ಎತ್ತುವುದಿಲ್ಲ. 75 ಎಂಬುದು 90ರೊಳಗಿನ ಸಭ್ಯ ಸಂಖ್ಯೆ. ಇದರಲ್ಲಿ ಗುಮಾಸ್ತನ ತಪ್ಪು ಕಡಿಮೆ. 2016ರಲ್ಲಿ ಪ್ರಮಾಣೀಕರಿಸಿದ ಜಿಯೋಜೇಸನ್ ಎಂಬ ನಕ್ಷೆ-ಕಡತದ ಮಾದರಿಯಲ್ಲಿ ರೇಖಾಂಶ ಮೊದಲು. ಅದನ್ನೇ ಜಾಲಪುಟದಲ್ಲಿ ತೋರಿಸುವ ಲೀಫ್ಲೆಟ್ ತಂತ್ರಾಂಶಕ್ಕೆ ಕೈಯಾರೆ ಬಿಂದು ಕೊಡುವಾಗ ಅಕ್ಷಾಂಶ ಮೊದಲು. ಇಪಿಎಸ್‌ಜಿ 4326 ಎಂಬ, ಡಿಗ್ರಿಯಲ್ಲಿ ಅಳೆಯುವ ನಿರ್ದೇಶಾಂಕ ವ್ಯವಸ್ಥೆಯ ವ್ಯಾಖ್ಯೆಯಲ್ಲಿ ಅಕ್ಷಾಂಶ ಮೊದಲು, ಅದನ್ನು ಬಳಸುವ ತಂತ್ರಾಂಶಗಳಲ್ಲಿ ಅರ್ಧಕ್ಕರ್ಧ ರೇಖಾಂಶ ಮೊದಲು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಇದಕ್ಕಿಂತ ಭವ್ಯವಾದ ಅನಾಹುತ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎರಡು ಆಯ್ಕೆಗಳ ನಡುವೆ ಕಾದು ಕೂತಿದೆ. ಒಂದು, ‘ಈ ಪದರದ ನಿರ್ದೇಶಾಂಕ ವ್ಯವಸ್ಥೆ ಇದು’ ಎಂದು ಚೀಟಿ ಅಂಟಿಸುವುದು. ಇನ್ನೊಂದು, ಅಂಕಿಗಳನ್ನೇ ಲೆಕ್ಕ ಹಾಕಿ ಬೇರೆ ವ್ಯವಸ್ಥೆಗೆ ಬದಲಿಸುವುದು. ಡಿಗ್ರಿಯಲ್ಲಿರುವ ಪದರಕ್ಕೆ, ಬದಲಿಸದೆ, ಮೀಟರಿನಲ್ಲಿ ಅಳೆಯುವ ವೆಬ್ ಮರ್ಕೇಟರ್ (ಜಾಲದ ನಕ್ಷೆಗಳ ರೂಢಿಯ ವ್ಯವಸ್ಥೆ) ಚೀಟಿ ಅಂಟಿಸಿದರೆ ಪ್ರತಿ ಡಿಗ್ರಿಯೂ ಒಂದು ಮೀಟರ್ ಆಗುತ್ತದೆ. ಆಗ ಇಡೀ ಜಗತ್ತಿನ ಉದ್ದ 360 ಮೀಟರ್, ಅಗಲ 180 ಮೀಟರ್. ಎಲ್ಲ ಸಾಮ್ರಾಜ್ಯಗಳೂ ಎಲ್ಲ ಗಡಿತಂಟೆಗಳೂ ಆ ತೇಲುಯಂತ್ರದ ಸುತ್ತ ಒಂದು ಸಂಜೆಯ ನಡಿಗೆಯಷ್ಟು ಜಾಗದಲ್ಲಿ. ವಿಶ್ವಶಾಂತಿಗೆ ಇದೊಂದು ದಾರಿಯಿರಬಹುದು. ಒಳಚರಂಡಿ ಯೋಜನೆಗಂತೂ ಅಲ್ಲ.

ವಿಳಾಸವನ್ನು ಬಿಂದುವಾಗಿಸುವ ಜಿಯೋಕೋಡಿಂಗ್ ಸೇವೆಗಳು ಈ ವಿಷಯದಲ್ಲಿ ಇಲಾಖೆಗಳಿಗಿಂತ ಪ್ರಾಮಾಣಿಕ. ಉತ್ತರದ ಜೊತೆಗೆ ಅದು ಎಷ್ಟು ನಿಖರ ಎಂಬ ಅಂಕಣವನ್ನೂ ಬಹುಪಾಲು ಸೇವೆಗಳು ಕೊಡುತ್ತವೆ: ಮನೆಯ ಮಟ್ಟದ್ದೋ, ಬೀದಿಯ ಮಟ್ಟದ್ದೋ, ‘ಊರೇನೋ ಗೊತ್ತಾಯಿತು, ಮನೆ ಗೊತ್ತಾಗಲಿಲ್ಲ’ ಎಂಬ ಮಟ್ಟದ್ದೋ. ಡ್ಯಾಶ್‌ಬೋರ್ಡಿಗೆ ಏರಿಸುವಾಗ ಮೊದಲು ಕಿತ್ತೆಸೆಯುವುದು ಆ ಅಂಕಣವನ್ನೇ. ಆಮೇಲೆ ಮನೆ ಗೊತ್ತಾಗದ ದೂರುಗಳೆಲ್ಲ ಊರಿನ ನಡುಬಿಂದುವಿನಲ್ಲಿ ಒಂದರ ಮೇಲೊಂದು ಕೂರುತ್ತವೆ, ಅಲ್ಲಿ ದಟ್ಟಣೆ ತೋರಿಸುವ ಹೀಟ್‌ಮ್ಯಾಪ್ ಕೆಂಡದಂತೆ ಉರಿಯುತ್ತದೆ. ಗಡಿ ಬಾಳೆಹಣ್ಣಿನಂತೆ ಬಾಗಿದ್ದರೆ ನಡುಬಿಂದು ಪಕ್ಕದ ಊರಿನೊಳಗೇ ಬಿದ್ದಿರುತ್ತದೆ. ಪೋಸ್ಟ್‌ಜಿಐಎಸ್ ಎಂಬ ನಕ್ಷೆ-ದತ್ತಾಂಶದ ತಂತ್ರಾಂಶದಲ್ಲಿ ಬಿಂದು ಖಂಡಿತ ಗಡಿಯೊಳಗೇ ಬೀಳುವಂತೆ ಮಾಡುವ ಬೇರೊಂದು ಫಂಕ್ಷನ್ ಇದೆ. ಅದರ ಗೋಜಿಗೆ ಹೋಗುವವರು ಕಡಿಮೆ. ದೂರುಗಳು ಪಕ್ಕದ ಊರಿನ ಲೆಕ್ಕಕ್ಕೆ ಹೋದರೆ ಯಾರಿಗೆ ಬೇಸರ?

ಇದು ತಮಾಷೆಯಾಗಿಯೇ ಉಳಿಯುವುದಿಲ್ಲ. ಇಂಟರ್ನೆಟ್ಟಿಗೆ ಸೇರಿದ ಕಂಪ್ಯೂಟರುಗಳ ಐಪಿ ವಿಳಾಸಗಳ ಸ್ಥಳ ಹೇಳುವ ಒಂದು ದತ್ತಾಂಶದಲ್ಲಿ, ‘ಅಮೆರಿಕ ಎಂದಷ್ಟೇ ಗೊತ್ತು’ ಎಂಬ ವಿಳಾಸಗಳಿಗೆಲ್ಲ ದೇಶದ ನಡುವಿನ ದುಂಡು ಅಂಕಿಯ ಒಂದು ಬಿಂದುವನ್ನು ಕೊಟ್ಟಿದ್ದರು. ಅದು ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆ. ವಿಷಯ ಹೊರಬಿದ್ದ 2016ರ ಹೊತ್ತಿಗೆ 60 ಕೋಟಿಗೂ ಹೆಚ್ಚು ವಿಳಾಸಗಳು ಆ ಅಂಗಳದಲ್ಲಿದ್ದವು, ಕಳ್ಳರನ್ನು ಹುಡುಕಿಕೊಂಡು ಪೊಲೀಸರು ವರ್ಷಗಟ್ಟಲೆ ಆ ಬಾಗಿಲು ತಟ್ಟಿದ್ದರು. ಕೊನೆಗೆ ಪಿನ್ನನ್ನು ಕೆರೆಯೊಂದರ ನಡುವಿಗೆ ಸರಿಸಿದರು. ನೋಡಿ, ಮತ್ತೆ ನೀರಿಗೇ!

ಜಾಗ ಗೊತ್ತಿಲ್ಲದಾಗ ದಶಮಾಂಶಗಳು ಉದ್ದವಾಗುತ್ತವೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಐದನೆಯ ದಶಮಾಂಶಕ್ಕೆ ಒಂದು ಮೀಟರಿನ ಆಸುಪಾಸು, ಏಳನೆಯದಕ್ಕೆ ಒಂದು ಸೆಂಟಿಮೀಟರು. ಬಯಲಿನಲ್ಲಿ ನಿಂತರೂ ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ, ಹಾಗಾಗಿ ಐದು ಸ್ಥಾನ ಧಾರಾಳ. ಡ್ಯಾಶ್‌ಬೋರ್ಡಿನಿಂದ ಇಳಿಸಿಕೊಂಡ ಕಡತದಲ್ಲಿ ಹದಿನೈದು ಸ್ಥಾನ ಇರುತ್ತವೆ. ಹದಿನೈದನೆಯ ಸ್ಥಾನ ಒಂದು ಪರಮಾಣುವಿನ ಗಾತ್ರ. ಬೀದಿದೀಪದ ಕಂಬ ಯಾವ ಬೀದಿಯಲ್ಲಿದೆ ಎಂದು ತಿಳಿಯದಿದ್ದರೂ, ಅದರ ಯಾವ ಪರಮಾಣುವಿನ ಮೇಲೆ ಪಿನ್ ಚುಚ್ಚಿದ್ದೇವೆ ಎಂಬುದು ಇಲಾಖೆಗೆ ಪಕ್ಕಾ.

ಬಣ್ಣದ ಕೋಣೆಯಲ್ಲಿ ಅಸಲಿ ಕಲೆ ನಡೆಯುತ್ತದೆ.

ಪ್ರಾಂತ್ಯಗಳಿಗೆ ಬಣ್ಣ ತುಂಬುವ ಈ ಬಗೆಯ ನಕ್ಷೆಯನ್ನು ಫ್ರಾನ್ಸಿನ ಶಾರ್ಲ್ ಡುಪ್ಯಾಂ 1826ರಲ್ಲೇ ಮಾಡಿದ. ಜನಸಂಖ್ಯೆಯಿಂದ ಭಾಗಿಸದೆ ಬರಿಯ ಎಣಿಕೆಗೆ ಬಣ್ಣ ಹಚ್ಚಿದರೆ ಸಿಗುವುದು ಜನಸಂಖ್ಯೆಯ ನಕ್ಷೆಯೇ. ಜ್ವರ, ಅಪಘಾತ, ಗ್ರಂಥಾಲಯ, ಯಾವ ಶೀರ್ಷಿಕೆ ಕೊಟ್ಟರೂ ದೊಡ್ಡ ಊರೇ ಕೆಂಪು. ಇದು ಆರಂಭಿಕರ ಪಾಠ. ಪಳಗಿದವರು ವರ್ಗ ವಿಂಗಡಣೆಯಲ್ಲಿ ಕೈಚಳಕ ತೋರಿಸುತ್ತಾರೆ. ಮೂವತ್ತು ತಾಲ್ಲೂಕುಗಳಿವೆ ಎಂದಿಟ್ಟುಕೊಳ್ಳಿ. ಇಪ್ಪತ್ತೊಂಬತ್ತರಲ್ಲಿ ದೂರಿನ ಪ್ರಮಾಣ 2ರಿಂದ 9, ಒಂದರಲ್ಲಿ 100. ಸಮಾನ ಅಂತರದ ಐದು ವರ್ಗ ಮಾಡಿದರೆ ಮೊದಲ ವರ್ಗವೇ 2ರಿಂದ 21.6ರವರೆಗೆ. ಇಪ್ಪತ್ತೊಂಬತ್ತೂ ತಿಳಿಹಸಿರು, 2ಕ್ಕೂ 9ಕ್ಕೂ ಭೇದವಿಲ್ಲ. ಆ ಒಂದು ತಾಲ್ಲೂಕಿನ ಅಧಿಕಾರಿಯನ್ನು ವರ್ಗ ಮಾಡಿದರೆ ಸಮಸ್ಯೆಯೇ ಮುಗಿಯಿತು. ಅದೇ ಅಂಕಿಗಳನ್ನು ಸಮಾನ ಸಂಖ್ಯೆಯ ಐದು ಗುಂಪಾಗಿಸಿದರೆ ಯಾವಾಗಲೂ ಆರು ತಾಲ್ಲೂಕು ಕಡುಗೆಂಪು, ಎಲ್ಲರೂ ದೇವತೆಗಳಾದರೂ ಆರು ಮಂದಿ ರಾಕ್ಷಸರು ಬೇಕೇ ಬೇಕು. ಆಡಳಿತದವರು ಮೊದಲನೆಯದನ್ನು, ವಿರೋಧದವರು ಎರಡನೆಯದನ್ನು ಮುದ್ರಿಸುತ್ತಾರೆ. ದತ್ತಾಂಶ ಒಂದೇ, ಕಡತವೂ ಒಂದೇ.

ಹಾಗಾದರೆ ವರದಿಯನ್ನೇ ಕಳಿಸದ ತಾಲ್ಲೂಕು? ಅದರ ಅಂಕಿ ಖಾಲಿ. ಖಾಲಿ ಎಂದರೆ ಸೊನ್ನೆ, ಸೊನ್ನೆ ದೂರು ಎಂದರೆ ಅತ್ಯುತ್ತಮ ಹಸಿರು. ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಹುಲುಸಾದ ಹಸಿರು ಬಾಗಿಲು ಹಾಕಿಕೊಂಡ ಕಚೇರಿಗಳದ್ದು. ವರದಿ ಕಳಿಸಿದವರಿಗೂ ಈ ಭಾಗ್ಯ ಒಮ್ಮೊಮ್ಮೆ ಸಿಗುತ್ತದೆ: ತಾಲ್ಲೂಕಿನ ಸಂಕೇತ 007 ಎಂದಿದ್ದದ್ದು ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಬರಿ 7 ಆಗುತ್ತದೆ, ಗಡಿಯ ಕಡತದಲ್ಲಿ ಇನ್ನೂ 007 ಇರುತ್ತದೆ, ಎರಡೂ ಜೋಡಿಯಾಗುವುದಿಲ್ಲ, ಅಂಕಿ ಖಾಲಿ, ಹಸಿರು. ಸಂಕೇತದ ಅಂಕಣವನ್ನು ಪಠ್ಯವೆಂದು ಘೋಷಿಸಿ ಕಡತ ತೆರೆದರೆ ಇದು ತಪ್ಪುತ್ತದೆ. ಜೋಡಣೆಯಾದ ಮೇಲೆ ಎಷ್ಟು ಸಾಲು ಖಾಲಿ ಉಳಿದವು ಎಂದು ಒಮ್ಮೆ ಎಣಿಸಿದರೂ ಸಾಕು. (ಅಂದಹಾಗೆ, ಕೆಂಪು-ಹಸಿರಿನ ಭೇದ ಸರಿಯಾಗಿ ಕಾಣದವರು ಗಂಡಸರಲ್ಲಿ ನೂರಕ್ಕೆ ಎಂಟರವರೆಗೂ ಇದ್ದಾರೆ. ಈ ನಕ್ಷೆಯಿಂದ ಮೋಸಹೋಗದವರು ಅವರೊಬ್ಬರೇ.)

ಖಾಲಿಯನ್ನು ನುಂಗುವುದರಲ್ಲಿ ಕಡತಗಳೂ ಕಡಿಮೆಯಿಲ್ಲ. 1990ರ ದಶಕದ ಶೇಪ್‌ಫೈಲ್ ಎಂಬ ನಕ್ಷೆ-ಕಡತದ ಮಾದರಿ ಇಂದಿಗೂ ಸರ್ಕಾರಿ ದತ್ತಾಂಶದ ಅಧಿಕೃತ ಉಡುಪು. ಅದರ ಪಟ್ಟಿಯಲ್ಲಿ ‘ಖಾಲಿ’ಗೆ ಸರಿಯಾದ ಜಾಗವಿಲ್ಲ, ಕೆಲವು ತಂತ್ರಾಂಶಗಳು ಅಲ್ಲಿ ಸೊನ್ನೆ ಬರೆದು ಕೈತೊಳೆದುಕೊಳ್ಳುತ್ತವೆ. ಅಂಕಣದ ಹೆಸರು ಇಂಗ್ಲಿಷಿನ ಹತ್ತಕ್ಷರ ಮೀರುವಂತಿಲ್ಲ. ‘ಪಾಪ್ಯುಲೇಶನ್’ ಎಂಬುದೇ ಇಂಗ್ಲಿಷಿನಲ್ಲಿ ಸರಿಯಾಗಿ ಹತ್ತಕ್ಷರ. ಅದರ ಮುಂದಿದ್ದ ‘ಮೇಲ್’, ‘ಫೀಮೇಲ್’ ಎರಡೂ ಕತ್ತರಿಸಿ ಹೋಗಿ, ಗಂಡಸರು ಯಾರು ಹೆಂಗಸರು ಯಾರು ಎಂದು ತಂತ್ರಾಂಶ ಅಂಟಿಸಿದ ಬಾಲದ ಅಂಕಿ ನೋಡಿ ಊಹಿಸಬೇಕು. ಜಿಯೋಪ್ಯಾಕೇಜ್ ಎಂಬ ಒಂದೇ ಕಡತದಲ್ಲಿ ಈ ಎರಡೂ ತೊಂದರೆ ಇಲ್ಲ. ಆದರೆ ಆದೇಶದಲ್ಲಿ ‘ಶೇಪ್‌ಫೈಲ್’ ಎಂದಿದೆಯಲ್ಲ. ನೆಲದ ಎತ್ತರವನ್ನು ಕೋಶಕೋಶವಾಗಿ ಬರೆದಿಡುವ ರಾಸ್ಟರ್ ಕಡತಗಳಲ್ಲಿ ‘ಗೊತ್ತಿಲ್ಲ’ವನ್ನು ಎಷ್ಟೋ ಸಲ -9999 ಎಂದು ಬರೆದಿರುತ್ತಾರೆ. ಅದನ್ನು ‘ನೋಡೇಟಾ’ (ದತ್ತಾಂಶವಿಲ್ಲ) ಎಂದು ಗುರುತಿಸದೆ ಸರಾಸರಿ ತೆಗೆದರೆ, 500 ಮೀಟರ್ ಎತ್ತರದ 99 ಕೋಶಗಳ ನಡುವೆ ಅಂಥದ್ದೊಂದು ಕೋಶ ಸಾಕು, ಸರಾಸರಿ 395ಕ್ಕೆ ಇಳಿಯುತ್ತದೆ. ಜೆಸಿಬಿ ಇಲ್ಲದೆ, ಟೆಂಡರ್ ಇಲ್ಲದೆ, ನೂರೈದು ಮೀಟರ್ ಗುಡ್ಡ ಮಾಯ.

ಅಳತೆ ತಪ್ಪಿದಾಗ ಮಾತ್ರ ಕುಣಿಯಲಾರದವರು ನೆಲ ಡೊಂಕು ಎನ್ನುವುದನ್ನು ಒಪ್ಪಬೇಕು, ಇಲ್ಲಿ ನೆಲ ನಿಜವಾಗಿಯೂ ಡೊಂಕು. ವೆಬ್ ಮರ್ಕೇಟರ್‌ನಲ್ಲಿ ಸಮಭಾಜಕದಿಂದ ದೂರ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ, 60 ಡಿಗ್ರಿಯಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಅಲ್ಲಿ ‘500 ಮೀಟರ್ ನಿಷೇಧಿತ ವಲಯ’ ಎಂದು ಸುತ್ತು ಎಳೆದರೆ ನೆಲದ ಮೇಲೆ ಅದು 250 ಮೀಟರ್. ನ್ಯಾಯಾಲಯದಲ್ಲಿ ಎರಡೂ ಕಡೆಯವರು ಒಂದೇ ನಕ್ಷೆ ಹಿಡಿದು ಗೆಲ್ಲಬಹುದು. ಪದರವನ್ನು ಆ ಜಾಗದ ಯುಟಿಎಂ ವಲಯಕ್ಕೆ (ಭೂಮಿಯನ್ನು ಪಟ್ಟಿಪಟ್ಟಿಯಾಗಿ ಹಂಚಿ ಮೀಟರಿನಲ್ಲಿ ಅಳೆಯುವ ವ್ಯವಸ್ಥೆ) ಬದಲಿಸಿ, ಆಮೇಲೆ ಸುತ್ತು ಎಳೆದು, ತೋರಿಸಲು ಮಾತ್ರ ಮರ್ಕೇಟರಿಗೆ ತಂದರೆ ಆಯಿತು.

ಇಷ್ಟೆಲ್ಲ ತಿಳಿದ ಕಿರಿಯ ತಂತ್ರಜ್ಞರೊಬ್ಬರು ಸಭೆಯಲ್ಲಿ ಎದ್ದುನಿಂತು, ‘ಸರ್, ವರದಿ ಬಾರದ ಕಡೆಗೆಲ್ಲ ಬೂದು ಬಣ್ಣ ಹಾಕಿ ಗೆರೆ ಎಳೆಯೋಣ’ ಅಂದರು ಎಂದಿಟ್ಟುಕೊಳ್ಳಿ. ಕ್ಯೂಜಿಐಎಸ್‌ನಲ್ಲಿ ಅದು ಎರಡು ನಿಮಿಷದ ಕೆಲಸ. ಹಾಕಿ ನೋಡುತ್ತಾರೆ. ಅರ್ಧ ನಕ್ಷೆ ಬೂದಿ ಬಳಿದುಕೊಂಡು ಕೂತಿರುತ್ತದೆ. ಸಭೆ ಮೌನ. ಟಿಪ್ಪಣಿಯಲ್ಲಿ ಹೀಗೆ ದಾಖಲಾಗುತ್ತದೆ: ಬೂದು ಬಣ್ಣವು ನಕಾರಾತ್ಮಕ ಭಾವನೆ ಮೂಡಿಸುವುದರಿಂದ ಅದನ್ನು ತಿಳಿಹಸಿರಿಗೆ ಬದಲಿಸಿ, ಸೂಚಿಯಲ್ಲಿ ‘ಪ್ರಗತಿಯ ಹಾದಿಯಲ್ಲಿ’ ಎಂದು ನಮೂದಿಸತಕ್ಕದ್ದು, ಭೂಗೋಳದ ಸುತ್ತುಗಳನ್ನು ಮೂರರಿಂದ ಐದಕ್ಕೆ ಏರಿಸತಕ್ಕದ್ದು.

ಪುಟದ ಅಡಿಯಲ್ಲಿ ‘ಕೊನೆಯ ನವೀಕರಣ’ ಎಂದು ಇಂದಿನ ದಿನಾಂಕವಿದೆ. ನಾಳೆ ನೋಡಿದರೆ ನಾಳೆಯದೇ ಇರುತ್ತದೆ. ಅದನ್ನು ಬರೆಯುತ್ತಿರುವುದು ನಿಮ್ಮದೇ ಬ್ರೌಸರಿನ ಗಡಿಯಾರ.